ಬೀಳ್ಕೊಡದ ಅರಸ: ಅಲಿ ಆದಿಲ್‌ಶಾಹನ ವಿಜಯನಗರ ಭೇಟಿಯನ್ನು ಓದುವ ಬಗೆ

ಅಳಿಯ ರಾಮರಾಯನ ಮಗನೊಬ್ಬ ತೀರಿಕೊಂಡನೆಂಬ ಸುದ್ದಿ ತಿಳಿದು, ಹೊಸದಾಗಿ ಪಟ್ಟವೇರಿದ್ದ ವಿಜಾಪುರದ ಒಂದನೆಯ ಅಲಿ ಆದಿಲ್‌ಶಾಹನು ನೂರು ಮಂದಿ ರಾವುತರನ್ನು ಮಾತ್ರ ಜೊತೆಗಿಟ್ಟುಕೊಂಡು ಸಂತಾಪ ಹೇಳಲು ವಿಜಯನಗರಕ್ಕೆ ಹೋದನು. ಅಲಿ ಪಟ್ಟಕ್ಕೆ ಬಂದುದು 1558ರಲ್ಲಿ. ಆ ಹೊತ್ತಿಗೆ ವಿಜಯನಗರದ ಸಿಂಹಾಸನದ ಮೇಲೆ ಸದಾಶಿವರಾಯನಿದ್ದರೂ ರಾಜ್ಯದ ಸೂತ್ರಗಳೆಲ್ಲ ಕೃಷ್ಣದೇವರಾಯನ ಅಳಿಯನಾದ ರಾಮರಾಯನ ಕೈಯಲ್ಲಿದ್ದವು. ಕೃಷ್ಣೆ, ತುಂಗಭದ್ರೆಗಳೆರಡನ್ನೂ ದಾಟಿ ಬಂದ ತರುಣ ಸುಲ್ತಾನನನ್ನು ರಾಮರಾಯ ಬಹು ಗೌರವದಿಂದ ಬರಮಾಡಿಕೊಂಡ. ಅತಿಥಿಯ ಸಾಂತ್ವನಕ್ಕೆ ಮಣಿದು ಶೋಕವನ್ನು ಬದಿಗಿರಿಸಿದ. ರಾಮರಾಯನ ಮಡದಿ ಅಲಿಯನ್ನು ತನ್ನ ಮಗನೆಂದು ಸ್ವೀಕರಿಸಿದಳು. ಪರಸ್ಪರ ಸ್ನೇಹದ ಮಾತುಗಳಲ್ಲಿ ಮೂರು ದಿನಗಳು ಕಳೆದವು. ಆದರೆ ಹೊರಡುವ ದಿನ ರಾಮರಾಯ ಪಟ್ಟಣದ ಹೊರಗಿನ ತನಕ ಬಂದು ಕಳುಹಿಸಿಕೊಡಲಿಲ್ಲ. ಅಲಿ ಅದನ್ನು ಅವಮಾನವೆಂದು ಬಗೆದ. ಆಗ ತೋರಗೊಡದೆ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡ. ಇಷ್ಟನ್ನು ಹೇಳುವವನು ಇತಿಹಾಸಕಾರ ಫೆರಿಶ್ತಾ.

ಎರಡು ರಾಜ್ಯಗಳ ಸ್ನೇಹವನ್ನು ಸಾರಲು ಒಬ್ಬ ದೊರೆ ಇನ್ನೊಬ್ಬನ ರಾಜಧಾನಿಗೆ ತಾನೇ ನಡೆದು ಬಂದ ಇಂಥ ಪ್ರಸಂಗಗಳು ಕರ್ನಾಟಕದ ಇತಿಹಾಸದಲ್ಲಿ ವಿರಳ. ಅದರಿಂದಲೇ ಈ ಕಥೆಯನ್ನು ಎರಡು ಬಗೆಯ ಜನ ಎರಡು ಕಡೆಗೆ ಎಳೆಯುತ್ತ ಬಂದಿದ್ದಾರೆ. ಸೌಹಾರ್ದದ ಇತಿಹಾಸವನ್ನು ಬರೆಯುವವರು ದತ್ತು ಪ್ರಸಂಗದ ತನಕ ಓದಿ ನಿಲ್ಲುತ್ತಾರೆ. ಯುದ್ಧದ ಇತಿಹಾಸವನ್ನು ಬರೆಯುವವರು ಬೀಳ್ಕೊಡುಗೆಯ ಲೋಪದಿಂದ ಆರಂಭಿಸಿ 1565ರ ಜನವರಿಯ ರಣರಂಗಕ್ಕೆ ನೇರವಾಗಿ ನಡೆದುಬಿಡುತ್ತಾರೆ. ತಾಳಿಕೋಟೆಯ ಕದನವೆಂದೂ ರಕ್ಕಸಗಿ-ತಂಗಡಗಿಯ ಕದನವೆಂದೂ ಹೆಸರಾದ ಆ ಯುದ್ಧದ ‘ಕಾರಣಗಳು’ ಎಂಬ ಪಟ್ಟಿಯಲ್ಲಿ ರಾಮರಾಯನ ಅಹಂಕಾರಕ್ಕೆ ಒಂದು ಅಂಕ ಮೀಸಲಾಗಿರುತ್ತದೆ. ಇಬ್ಬರೂ ಮಾಡದಿರುವ ಕೆಲಸ ಒಂದಿದೆ. ಈ ವೃತ್ತಾಂತವನ್ನು ಮೊದಲು ಒಂದು ಕಥನವೆಂದು ಓದಿ, ಅದರ ಕಟ್ಟಡವನ್ನು ಪರಿಶೀಲಿಸಿ, ಆಮೇಲೆ ಅದರಿಂದ ಇತಿಹಾಸವನ್ನು ತೆಗೆಯಬೇಕು. ಇದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸೇರಿದ ಕೆಲಸ. ಆಶಯ, ವರ್ಣನೆ, ಪ್ರಶಸ್ತಿ ಎಂಬ ಪರಿಭಾಷೆಗಳನ್ನು ಬಲ್ಲವರು ಇಲ್ಲಿ ಸುಮ್ಮನಿರುವುದು ತಕ್ಕುದಲ್ಲ.

ಮೊದಲನೆಯದಾಗಿ, ಹೇಳುವವನ ನೆಲೆ ಯಾವುದು ಎಂಬುದನ್ನು ನೋಡಬೇಕು. ಮುಹಮ್ಮದ್ ಕಾಸಿಂ ಫೆರಿಶ್ತಾ ವಿಜಾಪುರಕ್ಕೆ ಬಂದುದು 1589ರಲ್ಲಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಹದಿನೇಳನೆಯ ಶತಮಾನದ ಆರಂಭದ ವರ್ಷಗಳಲ್ಲಿ, ‘ಗುಲ್ಶನ್-ಇ-ಇಬ್ರಾಹಿಮಿ’ಯನ್ನು ಅವನು ರಚಿಸಿದ. ಅಂದರೆ ಭೇಟಿ ನಡೆದು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಕಳೆದಿತ್ತು. ವಿಜಯನಗರ ಪಾಳುಬಿದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಅವನ ಆಶ್ರಯದಾತನಾದ ಇಬ್ರಾಹಿಂ, ಅಲಿಯ ಸೋದರನ ಮಗ ಮತ್ತು ಉತ್ತರಾಧಿಕಾರಿ. ಈ ಆಸ್ಥಾನದಲ್ಲಿ ಕುಳಿತು ಬರೆಯುವವನ ಮುಂದೆ ಒಂದು ಕಠಿಣ ಪ್ರಶ್ನೆಯಿತ್ತು. ಯಾವ ಮನೆಯಲ್ಲಿ ಅಲಿ ಮಗನೆನಿಸಿಕೊಂಡನೋ ಆ ಮನೆಯ ನಾಶದಲ್ಲಿ ಅವನೇ ಪಾಲುಗೊಂಡ. ಉಪ್ಪಿನ ಋಣವನ್ನು ದೊಡ್ಡದೆಂದು ಎಣಿಸುತ್ತಿದ್ದ ಆ ಕಾಲದ ದರಬಾರಿ ನೀತಿಯಲ್ಲಿ ಇದಕ್ಕೆ ಸಮಾಧಾನ ಬೇಕಿತ್ತು. ಋಣವನ್ನು ಮೊದಲೇ ಮುರಿದವನು ಆತಿಥೇಯನೇ ಎಂದು ತೋರಿಸಿದರೆ ಸಮಾಧಾನ ಸಿಗುತ್ತದೆ. ಬೀಳ್ಕೊಡದ ಅರಸನ ಚಿತ್ರ ಆ ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ.

ಈ ಅನುಮಾನಕ್ಕೆ ಫೆರಿಶ್ತಾನ ಗ್ರಂಥದಲ್ಲಿಯೇ ಆಧಾರವುಂಟು. ಅಲಿಯ ಭೇಟಿಗೆ ಸುಮಾರು ನೂರೈವತ್ತು ವರ್ಷ ಹಿಂದೆ, 1406-07ರ ವೇಳೆಗೆ, ಬಹಮನಿ ಸುಲ್ತಾನ ಫಿರೋಜ್‌ಶಾಹ ವಿಜಯನಗರದ ಮೇಲೆ ದಂಡೆತ್ತಿ ಬಂದ. ಒಪ್ಪಂದದ ಭಾಗವಾಗಿ ಒಂದನೆಯ ದೇವರಾಯ ತನ್ನ ಮಗಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದನೆಂದೂ ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂದೂ ಫೆರಿಶ್ತಾ ಬರೆಯುತ್ತಾನೆ. ಮದುವೆಯ ಬಳಿಕ ಫಿರೋಜ್ ಮಾವನ ರಾಜಧಾನಿಗೆ ಬಂದ. ಬೀದಿಗಳಲ್ಲಿ ಬೆಲೆಬಾಳುವ ವಸ್ತ್ರಗಳನ್ನು ಹಾಸಿದ್ದರು. ಇಬ್ಬರು ಅರಸರೂ ಕುದುರೆಯೇರಿ ಜೊತೆಜೊತೆಯಾಗಿ ನಡೆದರು. ಅವರ ಮೇಲೆ ಬೆಳ್ಳಿಬಂಗಾರದ ಹೂಗಳನ್ನು ಚೆಲ್ಲಿದರು. ಮೂರು ದಿನ ರಾಜೋಪಚಾರ ನಡೆಯಿತು. ಹೊರಡುವಾಗ ದೇವರಾಯ ನಾಲ್ಕು ಮೈಲಿಯಷ್ಟು ದೂರ ಜೊತೆಗೆ ಬಂದು ಹಿಂತಿರುಗಿದ. ಬಿಡಾರದ ತನಕ ಬರಲಿಲ್ಲವೆಂದು ಫಿರೋಜ್ ಕೆರಳಿ, ಈ ಅವಮಾನಕ್ಕೆ ಮುಯ್ಯಿ ತೀರಿಸುವೆನೆಂದು ತನ್ನ ಮಂತ್ರಿಯೊಡನೆ ಹೇಳಿದ. ಆ ಮಾತು ದೇವರಾಯನ ಕಿವಿಗೆ ಬಿದ್ದು ಅವನೂ ಬಿರುನುಡಿಯಾಡಿದ. ನೆಂಟಸ್ತನವಾದರೂ ಹಗೆ ಆರಲಿಲ್ಲ.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಹೊಂದಿಕೆ ಎದ್ದು ಕಾಣುತ್ತದೆ. ಎರಡರಲ್ಲೂ ಉತ್ತರದ ಸುಲ್ತಾನ ದಕ್ಷಿಣದ ರಾಯನ ಪಟ್ಟಣಕ್ಕೆ ಬರುತ್ತಾನೆ. ಎರಡರಲ್ಲೂ ಅವನು ಆ ಮನೆಯ ಸಂಬಂಧಿಯಾಗುತ್ತಾನೆ, ಒಮ್ಮೆ ಅಳಿಯನಾಗಿ, ಇನ್ನೊಮ್ಮೆ ಮಗನಾಗಿ. ಎರಡರಲ್ಲೂ ಆತಿಥ್ಯ ಮೂರು ದಿನ. ಎರಡರಲ್ಲೂ ಕೊರತೆ ಬೀಳ್ಕೊಡುಗೆಯಲ್ಲಿಯೇ. ಎರಡರಲ್ಲೂ ಮುಂದೆ ಯುದ್ಧ. ಒಬ್ಬನೇ ಲೇಖಕನ ಒಂದೇ ಗ್ರಂಥದಲ್ಲಿ ಇಷ್ಟು ಒಪ್ಪುವ ಎರಡು ಘಟನೆಗಳನ್ನು ಕಂಡಾಗ ಜಾನಪದ ವಿದ್ವಾಂಸರು ಅದನ್ನು ‘ಆಶಯ’ ಎಂದು ಗುರುತಿಸುತ್ತಾರೆ. ಬೇರೆ ಬೇರೆ ಊರುಗಳ ಕಥೆಗಳಲ್ಲಿ ಮಲತಾಯಿ, ಕಳೆದ ಉಂಗುರ, ಮೂರನೆಯ ಮಗ ಮತ್ತೆ ಮತ್ತೆ ಬರುವಂತೆ ಇಲ್ಲಿ ‘ಅರೆದಾರಿಯಲ್ಲಿ ಹಿಂತಿರುಗಿದ ಆತಿಥೇಯ’ ಬರುತ್ತಾನೆ. ಫಿರೋಜನ ಪ್ರಸಂಗದಲ್ಲಿ ನಾಲ್ಕು ಮೈಲಿ ಬಂದದ್ದೂ ಸಾಲಲಿಲ್ಲ ಎಂಬುದು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಎಷ್ಟು ದೂರ ಬಂದರೂ ಕಥೆಗೆ ಬೇಕಾದ ದೂರ ಅದಕ್ಕಿಂತ ಒಂದು ಹೆಜ್ಜೆ ಆಚೆಗೇ ಇರುತ್ತದೆ.

ಆಶಯವೆಂದರೆ ಸುಳ್ಳು ಎಂದು ಅರ್ಥವಲ್ಲ. ಓದುಗರ ಬದುಕಿನಲ್ಲಿ ಬೇರಿಲ್ಲದ ಆಶಯ ಬಾಳುವುದಿಲ್ಲ. ಅತಿಥಿಯನ್ನು ಕಳುಹಿಸಿಕೊಡುವ ಹೆಜ್ಜೆಗಳಿಗೆ ಈ ನಾಡಿನಲ್ಲಿ ಬೆಲೆಯಿದೆ. ಪ್ರಿಯರಾದವರನ್ನು ನೀರಿನ ಅಂಚಿನ ತನಕ ಹಿಂಬಾಲಿಸಿ ಹೋಗಬೇಕೆಂಬ ವಿಧಿಯನ್ನು ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಶಾರ್ಙ್ಗರವ ಕಣ್ವರಿಗೆ ನೆನಪಿಸುತ್ತಾನೆ. ಹಳಗನ್ನಡ ಕಾವ್ಯಗಳಲ್ಲಿ ‘ಇದಿರ್ಗೊಳ್ವುದು’ ಮತ್ತು ‘ಬೀಳ್ಕೊಡುವುದು’ ಜೋಡಿ ಕ್ರಿಯೆಗಳು. ಒಂದಿಲ್ಲದೆ ಇನ್ನೊಂದು ಪೂರ್ಣವಾಗದು. ಸಿಂದಗಿ ಸೀಮೆಯ ಯಂಕಂಚಿಯಿಂದ ಹಿಡಿದು ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ತನಕ ಯಾವ ಹಳ್ಳಿಯಲ್ಲಿ ಕೇಳಿದರೂ ಬೀಗರನ್ನು ಹೊಸ್ತಿಲಿನಿಂದಲೇ ಕಳುಹಿಸುವುದು ಮರ್ಯಾದೆಯಲ್ಲ, ಅಗಸಿ ದಾಟಿಸಬೇಕು ಎಂಬ ಉತ್ತರ ಬರುತ್ತದೆ. ಪಾರಸಿಯಲ್ಲಿ ಬರೆದ ಫೆರಿಶ್ತಾನ ಕಥೆಯನ್ನು ದಖನ್ನಿನ ಓದುಗರು ವಿವರಣೆಯಿಲ್ಲದೆ ಅರ್ಥಮಾಡಿಕೊಂಡದ್ದು ಈ ಕಾರಣದಿಂದ.

ಆದರೆ ಇದೇ ಸಂಪ್ರದಾಯವನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರೆ ವೃತ್ತಾಂತದೊಳಗಿನ ಬಿಕ್ಕಟ್ಟು ಬೇರೆಯಾಗಿ ತೋರುತ್ತದೆ. ಅಗಸಿಯ ತನಕ ಹೋಗುವುದು ಬೀಗನಿಗಾಗಿ, ಅತಿಥಿಗಾಗಿ. ಮನೆಯ ಮಗ ಹೊರಟಾಗ ತಂದೆ ಮೆರವಣಿಗೆಯಲ್ಲಿ ಹೋಗುವುದಿಲ್ಲ. ಮಗನೇ ಕಾಲಿಗೆರಗಿ ಹೊರಡುತ್ತಾನೆ. ರಾಮರಾಯನ ಮಡದಿ ಅಲಿಯನ್ನು ಮಗನೆಂದು ಸ್ವೀಕರಿಸಿದ ಕ್ಷಣದಲ್ಲಿ ಪ್ರೀತಿ ಹೆಚ್ಚಿತು, ಸಮಾನತೆ ಇಲ್ಲವಾಯಿತು. ವಯಸ್ಸಿನಲ್ಲಿ ಹಿರಿಯನಾದ ರಾಮರಾಯ ತಂದೆಯ ಸ್ಥಾನದಲ್ಲಿ ನಿಂತು ಮನೆಯಲ್ಲಿಯೇ ಉಳಿದನೆಂದಾದರೆ ಅದು ಸಂಬಂಧಕ್ಕೆ ತಕ್ಕ ನಡೆ. ಅಲಿ ಬಯಸಿದ್ದು ವಿಜಾಪುರದ ಸುಲ್ತಾನನಿಗೆ ಸಲ್ಲಬೇಕಾದ ಗೌರವವನ್ನು. ಒಬ್ಬನೇ ವ್ಯಕ್ತಿ ಒಂದೇ ಬಾಗಿಲಲ್ಲಿ ಮಗನೂ ಆಗಿ, ಸರಿಸಮನಾದ ದೊರೆಯೂ ಆಗಿ ಹೊರಡಲು ಸಾಧ್ಯವಿರಲಿಲ್ಲ. ಫಿರೋಜನ ಪ್ರಸಂಗದಲ್ಲಿಯೂ ಇದೇ ತೊಡಕು: ದೇವರಾಯನಿಗೆ ಅವನು ಅಳಿಯನೋ, ಗೆದ್ದು ಬಂದ ಸುಲ್ತಾನನೋ? ರಾಜ್ಯಗಳ ನಡುವಣ ಸಂಬಂಧವನ್ನು ಕುಟುಂಬದ ಭಾಷೆಯಲ್ಲಿ ಹೇಳಿದಾಗ ಕುಟುಂಬದ ಏರಿಳಿತಗಳೂ ಅದರೊಡನೆ ಬರುತ್ತವೆ. ಫೆರಿಶ್ತಾನ ಕಥೆಯಲ್ಲಿ ನಿಜವಾಗಿಯೂ ಬೆಲೆಯುಳ್ಳ ತಿಳಿವಳಿಕೆ ಇದು. ರಾಮರಾಯನ ಗರ್ವದ ಬಗೆಗಿನ ತೀರ್ಪಿಗಿಂತ ಇದು ಹೆಚ್ಚು ಕಾಲ ನಿಲ್ಲುವಂಥದು.

ಆತಿಥ್ಯದಲ್ಲಿ ಆದ ಅವಮಾನವೇ ಯುದ್ಧಕ್ಕೆ ಕಾರಣವೆನ್ನುವ ಒಲವು ಫೆರಿಶ್ತಾ ಒಬ್ಬನದಲ್ಲ. ಕನ್ನಡದ ‘ರಾಮರಾಜನ ಬಖೈರು’ ಕೂಡ ಹಗೆಯ ಬೇರನ್ನು ಆಸ್ಥಾನಕ್ಕೆ ಬಂದ ರಾಯಭಾರಿಗೆ ಆದ ಅವಹೇಳನದಲ್ಲಿ ಹುಡುಕುತ್ತದೆ. ಅಹಮದ್‌ನಗರದ ಹುಸೇನ್ ನಿಜಾಂಶಾಹನ ಪ್ರಸಂಗ ಇನ್ನೊಂದು. ಯುದ್ಧದಲ್ಲಿ ಸೋತ ಹುಸೇನನಿಗೆ ವಿಧಿಸಿದ ಷರತ್ತುಗಳಲ್ಲಿ ಅವನೇ ಬಂದು ರಾಮರಾಯನ ಕೈಯಿಂದ ವೀಳ್ಯ ಸ್ವೀಕರಿಸಬೇಕೆಂಬುದೂ ಸೇರಿತ್ತು. ಹುಸೇನ್ ಬಂದ, ರಾಮರಾಯ ಎದ್ದು ಅವನ ಕೈಗೆ ಮುತ್ತಿಟ್ಟ. ಹುಸೇನ್ ಕೂಡಲೇ ನೀರು ತರಿಸಿ ಆ ಕೈಯನ್ನು ತೊಳೆದುಕೊಂಡ. ಕೆರಳಿದ ರಾಮರಾಯ ತನ್ನ ನುಡಿಯಲ್ಲಿ, ಇವನು ಅತಿಥಿಯಲ್ಲದಿದ್ದರೆ ಈ ಕೈಗಳು ಉಳಿಯುತ್ತಿರಲಿಲ್ಲ ಎಂಬರ್ಥದ ಮಾತಾಡಿ ತಾನೂ ನೀರು ತರಿಸಿ ಕೈ ತೊಳೆದ. ಇಲ್ಲಿ ಅಪಚಾರ ಅತಿಥಿಯದು, ತಾಳ್ಮೆ ಆತಿಥೇಯನದು. ರಾಮರಾಯನ ಅಹಂಕಾರದ ಪಟ್ಟಿ ಮಾಡುವವರು ಈ ಪ್ರಸಂಗವನ್ನು ಬಿಟ್ಟುಬಿಡುವುದು ಕಾಕತಾಳೀಯವೇನಲ್ಲ.

ಅವಮಾನದ ಕಥೆಗಳು ಮರೆಮಾಡುವ ಸಂಗತಿಗಳು ಕೋಟೆಗಳು. ತಂದೆಯ ಕಾಲದಲ್ಲಿ ಕೈತಪ್ಪಿದ ನೆಲವನ್ನು ಮರಳಿ ಪಡೆಯುವ ಆಸೆಯಿಂದಲೇ ಅಲಿ ರಾಮರಾಯನೊಡನೆ ಗೆಳೆತನ ಬೆಳೆಸಿದನೆಂದು ಫೆರಿಶ್ತಾನೇ ಒಪ್ಪಿಕೊಳ್ಳುತ್ತಾನೆ. ಕಲ್ಯಾಣ ಮತ್ತು ಸೊಲ್ಲಾಪುರಗಳು ಆಗ ಅಹಮದ್‌ನಗರದ ವಶದಲ್ಲಿದ್ದವು. ಭೇಟಿಯ ಫಲವಾಗಿ ವಿಜಯನಗರದ ಸೈನ್ಯ ಅಲಿಯ ಬೆಂಬಲಕ್ಕೆ ನಿಂತು ಅಹಮದ್‌ನಗರದ ಮೇಲೆ ನಡೆಯಿತು. ಕಲ್ಯಾಣ ಅಲಿಯ ಕೈಸೇರಿತು. ಅಲಿ ಸಂತಾಪಕ್ಕಾಗಿ ಹೋದುದೂ ನಿಜ, ಸೈನ್ಯಕ್ಕಾಗಿ ಹೋದುದೂ ನಿಜ. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಮುಂದೆ ಗೆಳೆಯನ ಬಲ ತನ್ನನ್ನೇ ನುಂಗುವಷ್ಟು ಬೆಳೆದಾಗ ಅಲಿ ರಾಯಚೂರು, ಮುದಗಲ್ಲು ಮೊದಲಾದ ಕೋಟೆಗಳನ್ನು ಹಿಂದಿರುಗಿಸಬೇಕೆಂದು ರಾಯಭಾರಿಯನ್ನು ಕಳುಹಿಸಿದ; ರಾಮರಾಯ ಅವನನ್ನು ಓಡಿಸಿದ. 1564ರಲ್ಲಿ ಹಳೆಯ ವೈರಿ ಹುಸೇನನ ಮಗಳು ಚಾಂದ್‌ಬೀಬಿ ಅಲಿಯ ಕೈಹಿಡಿದಳು. ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಅಲಿಯ ಸಹೋದರಿ ಹುಸೇನನ ಮಗನಿಗೆ ಮಡದಿಯಾದಳು. ಮತ್ತೆ ಅದೇ ಕುಟುಂಬದ ಭಾಷೆ, ಅದೇ ಕೋಟೆಗಳ ಲೆಕ್ಕ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ ಯೌವನದಲ್ಲಿ ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದವನು. ಅವನೂ 1565ರಲ್ಲಿ ರಾಮರಾಯನ ಎದುರಿಗೇ ನಿಂತ. ಮೂರು ದಿನದ ಅತಿಥಿ ಮುನಿದದ್ದಕ್ಕೆ ಬೀಳ್ಕೊಡುಗೆ ಕಾರಣವೆಂದರೆ, ಏಳು ವರ್ಷದ ಅತಿಥಿ ತಿರುಗಿಬಿದ್ದದ್ದಕ್ಕೆ ಏನು ಹೇಳಬೇಕು?

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಕಥನದ ಹೆಸರಿನಲ್ಲಿ ಧರ್ಮದ ಪ್ರಶ್ನೆಯನ್ನು ತೇಲಿಸಲಾಗುತ್ತಿದೆ ಎಂಬುದು ಮೊದಲನೆಯದು. ಸುಲ್ತಾನರ ಕೂಟ ಧರ್ಮದ ಹೆಸರನ್ನು ಬಳಸಿಕೊಂಡದ್ದು ಫೆರಿಶ್ತಾನಲ್ಲಿ ಸ್ಪಷ್ಟವಾಗಿಯೇ ಇದೆ; ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ರಾಮರಾಯನ ಪಡೆಯಲ್ಲಿ ಮುಸ್ಲಿಂ ಸರದಾರರಿದ್ದುದೂ ವಿಜಾಪುರದ ಪಡೆಯಲ್ಲಿ ಮರಾಠ ಸವಾರರಿದ್ದುದೂ ಅಷ್ಟೇ ಸ್ಪಷ್ಟ. ಏಳೆಂಟು ವರ್ಷ ಹಿಂದೆ ಒಬ್ಬ ಮುಸ್ಲಿಂ ಅರಸನ ಮೇಲೆ ಇನ್ನೊಬ್ಬ ಮುಸ್ಲಿಂ ಅರಸ ವಿಜಯನಗರದ ನೆರವಿನಿಂದ ದಂಡೆತ್ತಿ ಹೋದದ್ದನ್ನು ಧರ್ಮವೊಂದರಿಂದಲೇ ವಿವರಿಸಲಾಗದು. ಕಥನದ ವಿಶ್ಲೇಷಣೆಯಿಂದ ಸೌಹಾರ್ದದ ಒಂದು ಅಮೂಲ್ಯ ನಿದರ್ಶನ ಕೈಬಿಟ್ಟುಹೋಗುತ್ತದೆ ಎಂಬುದು ಎರಡನೆಯದು. ಕೈಬಿಡುವುದಿಲ್ಲ, ಬದಲಾಗಿ ಅದು ಎಲ್ಲಿದೆಯೆಂಬುದು ತಿಳಿಯುತ್ತದೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಸಂತಾಪ ಹೇಳಲು ಬಂದ ಪರರಾಜ್ಯದ ತರುಣನನ್ನು ಮಗನೆಂದಳು. ವೃತ್ತಾಂತದಲ್ಲಿ ಲಾಭದ ಲೆಕ್ಕವಿಲ್ಲದ ನಡೆ ಅದೊಂದೇ. ಆ ಕಥನ ಅವಳಿಗೆ ಕೊಟ್ಟದ್ದು ಒಂದು ವಾಕ್ಯ. ಅವಳ ಹೆಸರನ್ನೂ ಅದು ಹೇಳುವುದಿಲ್ಲ. ಅವಳು ಮಗನೆಂದವನ ಸೈನ್ಯವೂ ಸೇರಿದ್ದ ಕೂಟದ ಎದುರು ಅವಳ ಗಂಡನ ತಲೆ ಉರುಳಿತು. 1565ರ ಬಗ್ಗೆ ಬರೆದ ಪುಟಗಳು ಬಂದೂಕು, ಆನೆ, ಫಿರಂಗಿಗಳನ್ನು ಎಣಿಸಿವೆ; ಈ ತಾಯಿಯ ಕಡೆ ತಿರುಗಿ ನೋಡಿಲ್ಲ.

ಸ್ನೇಹವನ್ನು ದಾಖಲಿಸಲು ನಮ್ಮ ಬರಹದ ಪ್ರಕಾರಗಳು ಹಿಂಜರಿಯುತ್ತವೆ ಎಂಬುದಕ್ಕೆ ಇನ್ನೂ ಹಳೆಯ ಉದಾಹರಣೆಯಿದೆ. ಜೈನಕವಿ ರವಿಕೀರ್ತಿ ಶಕ 556ರಲ್ಲಿ, ಅಂದರೆ 634-35ರಲ್ಲಿ, ಐಹೊಳೆಯ ಮೇಗುಟಿಯ ಜಿನಾಲಯದಲ್ಲಿ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದ. ಹರ್ಷನ ಸೋಲಿನಿಂದ ಹಿಡಿದು ಪಲ್ಲವರ ತನಕ ಪುಲಿಕೇಶಿಯ ದಂಡಯಾತ್ರೆಗಳು ಅಲ್ಲಿ ಸಾಲುಗಟ್ಟಿವೆ. ಇದಕ್ಕೆ ಕೆಲವೇ ವರ್ಷ ಹಿಂದೆ ಭಾರತದ ದೊರೆಯೊಬ್ಬ ಪರ್ಶಿಯಾದ ಎರಡನೆಯ ಖುಸ್ರುವಿಗೆ ರಾಯಭಾರಿಗಳನ್ನೂ ಕಾಣಿಕೆಗಳನ್ನೂ ಪತ್ರಗಳನ್ನೂ ಕಳುಹಿಸಿದನೆಂದು ಅರಬ್ಬಿ ಇತಿಹಾಸಕಾರ ತಬರಿ ಬರೆಯುತ್ತಾನೆ. ಆ ದೊರೆ ಪುಲಿಕೇಶಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ರವಿಕೀರ್ತಿಯ ಪ್ರಶಸ್ತಿಯಲ್ಲಿ ಪರ್ಶಿಯಾದ ಸುಳಿವೇ ಇಲ್ಲ. ಇದು ಕವಿಯ ಕೊರತೆಯಲ್ಲ, ಪ್ರಕಾರದ ನಿಯಮ. ಪ್ರಶಸ್ತಿಗೆ ಬೇಕಾದವರು ಸೋತ ಅರಸರು. ಸಮಾನನಾದ ಗೆಳೆಯನಿಗೆ ಅಲ್ಲಿ ಜಾಗವಿಲ್ಲ. ಫೆರಿಶ್ತಾನ ಪ್ರಕಾರದಲ್ಲಿ ಗೆಳೆಯನಿಗೆ ಜಾಗವುಂಟು, ಆದರೆ ಮುಂದಿನ ಯುದ್ಧದ ಪೀಠಿಕೆಯಾಗಿ ಮಾತ್ರ.

ಹಾಗಿದ್ದರೆ ಸ್ನೇಹವನ್ನು ಸ್ನೇಹವಾಗಿಯೇ ಕಲ್ಲಿನಲ್ಲಿ ಬರೆದದ್ದು ಎಲ್ಲಿ? 1368ರಲ್ಲಿ, ಶಕ 1290ರಲ್ಲಿ, ಇದೇ ವಿಜಯನಗರದ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ತೀರಿಸಿದ ಶ್ರವಣಬೆಳಗೊಳದ ಶಾಸನವನ್ನು ಇಲ್ಲಿ ನೆನೆಯಬೇಕು. ಅರಸ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿದನೆಂದು ಶಾಸನ ಹೇಳುತ್ತದೆ. ಎರಡು ಶತಮಾನಗಳ ಬಳಿಕ ಇಬ್ಬರು ಅರಸರು ಒಬ್ಬರ ಸ್ಪರ್ಶವನ್ನು ಇನ್ನೊಬ್ಬರು ತೊಳೆದುಕೊಂಡ ಪ್ರಸಂಗದ ಪಕ್ಕದಲ್ಲಿ ಈ ಕೈಗಳನ್ನು ಇಟ್ಟು ನೋಡಬೇಕು. ಆದರೆ ಶಾಸನ ಕೈಗೂಡಿಸಿದಲ್ಲಿಗೆ ನಿಲ್ಲುವುದಿಲ್ಲ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆಯನ್ನು ಹೊರುವವರು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ. ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾರು ಕಾಯಬೇಕು ಎಂಬುದೆಲ್ಲ ಅಲ್ಲಿ ಬರಹದಲ್ಲಿದೆ. ಅದು ನಾಡೊಳಗಿನ ಎರಡು ಸಮುದಾಯಗಳ ಒಪ್ಪಂದ, ಇದು ಎರಡು ರಾಜ್ಯಗಳ ಮೈತ್ರಿ ಎಂಬ ಭೇದ ಇದ್ದೇ ಇದೆ. ಆದರೂ ಹೋಲಿಕೆ ಒಂದು ಮಾತನ್ನು ಕಲಿಸುತ್ತದೆ. ಬೆಳಗೊಳದ ಸ್ನೇಹಕ್ಕೆ ಸುಣ್ಣದ ಖರ್ಚಿನ ಲೆಕ್ಕವಿತ್ತು. ವಿಜಯನಗರದಲ್ಲಿ ಮೂರು ದಿನ ಮೆರೆದ ಸ್ನೇಹಕ್ಕೆ ಇಬ್ಬರು ಗಂಡಸರ ಮಾನವೊಂದೇ ಆಸರೆಯಾಗಿತ್ತು. ಅದು ಒಂದು ಮುಂಜಾನೆಯ ಮುನಿಸನ್ನು ತಾಳಲಿಲ್ಲವೆಂದು ಬರೆಯುವುದು ಯಾರಿಗೂ ಸುಲಭವಾಯಿತು.

ಅರಸೊತ್ತಿಗೆ ಹೋದರೂ ಭೇಟಿಗಳ ಶಿಷ್ಟಾಚಾರ ಹೋಗಿಲ್ಲ. 1961ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಬೆಂಗಳೂರಿಗೆ ಬಂದಾಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಹಿಂದಿನ ಮಹಾರಾಜ ಜಯಚಾಮರಾಜ ಒಡೆಯರು. ರಾಣಿ ಲಾಲ್‌ಬಾಗಿನಲ್ಲಿ ಸಸಿಯೊಂದನ್ನು ನೆಟ್ಟರು. ಈಗಲೂ ವಿದೇಶದ ಗಣ್ಯರು ಬಂದಾಗ ವಿಮಾನ ನಿಲ್ದಾಣಕ್ಕೆ ಹೋದವರು ಯಾರು, ಯಾರು ಯಾರನ್ನು ಅಪ್ಪಿಕೊಂಡರು, ಕಾರಿನ ತನಕ ಬಂದು ಕಳುಹಿಸಿದವರು ಯಾರು ಎಂಬುದೇ ಸುದ್ದಿ. ಸಹಿಯಾದ ಒಪ್ಪಂದದಲ್ಲಿ ಏನಿದೆ, ಅದರ ಹೊಣೆ ಯಾರದು ಎಂಬುದು ಒಳಪುಟಕ್ಕೆ ಸರಿಯುತ್ತದೆ. ಫೆರಿಶ್ತಾ ಬಿತ್ತಿದ ಓದಿನ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಗಿರೀಶ ಕಾರ್ನಾಡರು ತಮ್ಮ ಕೊನೆಯ ನಾಟಕ ‘ರಾಕ್ಷಸ-ತಂಗಡಿ’ಯಲ್ಲಿ ಈ ಕದನವನ್ನು ಮತ್ತೆ ಕನ್ನಡದ ಓದುಗರ ಮುಂದಿಟ್ಟರು. ಅದನ್ನು ಪಾಠವಾಗಿ ಓದುವ ತರಗತಿಗಳಲ್ಲಿ ಫೆರಿಶ್ತಾನ ಎರಡು ಬೀಳ್ಕೊಡುಗೆಗಳನ್ನೂ ರಾಮರಾಜನ ಬಖೈರನ್ನೂ ಬೆಳಗೊಳದ 1368ರ ಶಾಸನವನ್ನೂ ಜೊತೆಗಿಟ್ಟು ಓದಿಸಬೇಕು. ಮುದ್ದೇಬಿಹಾಳದ ವಿದ್ಯಾರ್ಥಿಗೆ ರಕ್ಕಸಗಿ, ತಂಗಡಗಿಗಳು ಬಸ್ಸಿನ ನಿಲುಗಡೆಗಳು. ಅವನ ಊರಿನ ಹೆಸರನ್ನು ಹಿಡಿದು ಎರಡು ಸಮುದಾಯಗಳ ನಡುವೆ ಹಳೆಯ ಹಗೆಯನ್ನು ಹೊಸದಾಗಿ ಹುರಿಗೊಳಿಸುವ ಮಾತುಗಳು ಅವನ ಕಿವಿಗೆ ಬೀಳುತ್ತಲೇ ಇರುತ್ತವೆ. ‘ಕಾರಣಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಗೆ ಉತ್ತರ ಬರೆಯುವ ಮೊದಲು ಆ ಕಾರಣವನ್ನು ಯಾರು, ಯಾವಾಗ, ಯಾರ ಆಸ್ಥಾನದಲ್ಲಿ ಕುಳಿತು ಬರೆದರು ಎಂದು ಕೇಳುವುದನ್ನು ಅವನಿಗೆ ಕಲಿಸಬೇಕು. ಆ ಹೊಣೆಯನ್ನು ಇತಿಹಾಸ ವಿಭಾಗದ ಬಾಗಿಲಿಗೆ ಬಿಟ್ಟು ಕನ್ನಡ ವಿಭಾಗ ಹಿಂತಿರುಗುವಂತಿಲ್ಲ.